ಹಬ್ಬದ ಊಟಕ್ಕೆ ಪುಸ್ತಕ ಕೊಟ್ಟ ಕಾಫಿ ಕಂಪನಿ

ಅಮೆರಿಕದ ಹಳೆಯ ಕಾಫಿ ಬ್ರ್ಯಾಂಡ್‌ಗಳ ಮಾತು ಬಂದಾಗ ಮ್ಯಾಕ್ಸ್‌ವೆಲ್ ಹೌಸ್‌ನ ನೀಲಿ ಡಬ್ಬಿಯನ್ನೂ ‘ಕೊನೆಯ ಹನಿಯವರೆಗೂ ಸೊಗಸು’ ಎಂಬ ಅದರ ಘೋಷವಾಕ್ಯವನ್ನೂ ನೆನೆಯುವವರೇ ಹೆಚ್ಚು. ಆ ಬ್ರ್ಯಾಂಡ್ ಮಾಡಿದ ಅತ್ಯಂತ ಜಾಣತನದ ಕೆಲಸವೆಂದರೆ ಅಮೆರಿಕದ ಯಹೂದಿ ಮನೆಗಳಿಗೆ ಒಂದು ಹಬ್ಬದ ಪುಸ್ತಕವನ್ನು ಬಿಟ್ಟಿಯಾಗಿ ಕೊಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ಟೆನ್ನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ದಿನಸಿಯ ಸಗಟು ವ್ಯಾಪಾರದಲ್ಲಿದ್ದ ಜೋಯಲ್ ಚೀಕ್ ಎಂಬಾತ ಹಲವು ಬಗೆಯ ಬೀಜಗಳನ್ನು ಬೆರೆಸಿ ಹದಗೊಳಿಸಿದ ತನ್ನ ಕಾಫಿಯನ್ನು 1892ರಲ್ಲಿ ಅಲ್ಲಿನ ಮ್ಯಾಕ್ಸ್‌ವೆಲ್ ಹೌಸ್ ಹೋಟೆಲಿಗೆ ಒದಗಿಸಿದ. ಕಾಫಿಗೆ ಹೆಸರು ಬಂದದ್ದು ಆ ಹೋಟೆಲಿನಿಂದ. ಹೋಟೆಲು 1961ರ ಕ್ರಿಸ್‌ಮಸ್ ದಿನ ಬೆಂಕಿಗೆ ಆಹುತಿಯಾಯಿತು. 1907ರಲ್ಲಿ ನ್ಯಾಶ್‌ವಿಲ್‌ಗೆ ಬಂದಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಕಾಫಿ ಕುಡಿದು ಆ ಘೋಷವಾಕ್ಯವನ್ನು ನುಡಿದರೆಂದು ಕಂಪನಿಯ ಜಾಹೀರಾತುಗಳು ಸಾರುತ್ತಿದ್ದವು. ಅದನ್ನು ಬರೆದವನು ತಾನೇ ಎಂದು ಮುಂದೆ ಕಂಪನಿಯ ಹಿರಿಯ ಅಧಿಕಾರಿ ಕ್ಲಿಫರ್ಡ್ ಸ್ಪಿಲ್ಲರ್ ಹೇಳಿಕೊಂಡ. ದೊಡ್ಡವರ ಬಾಯಲ್ಲಿ ಮಾತು ಇಡಿಸುವ ಈ ಕಲೆ ಎಲ್ಲ ವ್ಯಾಪಾರಿಗಳಿಗೂ ಗೊತ್ತಿರುವಂಥದ್ದೇ, ಆದ್ದರಿಂದ ಅದರಲ್ಲಿ ನನಗೆ ಹೆಚ್ಚಿನ ಕುತೂಹಲವಿಲ್ಲ.

ಹಗ್ಗಡಾ ಎಂಬ ಆ ಹಬ್ಬದ ಪುಸ್ತಕದ ಕಥೆ ಬೇರೆಯೇ ಬಗೆಯದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಪಡೆದದ್ದನ್ನು ನೆನೆಯುವ ಪಸ್ಕ ಹಬ್ಬದಲ್ಲಿ ಯಹೂದಿಗಳು ಹುದುಗು ಬಂದ ಧಾನ್ಯವನ್ನು ಮುಟ್ಟುವುದಿಲ್ಲ. ಪೂರ್ವ ಯುರೋಪಿನಿಂದ ಬಂದವರಂತೂ ಅವರೆ, ಬಟಾಣಿಯಂಥ ಕಾಳುಗಳನ್ನೂ ದೂರವಿಡುತ್ತಾರೆ. ಕಾಫಿಬೀಜವೂ ಕಾಳಿನ ಜಾತಿಯೇ ಇರಬೇಕೆಂದು ಭಾವಿಸಿದ್ದ ಅನೇಕ ಕುಟುಂಬಗಳು ಆ ಎಂಟು ದಿನ ಚಹಾ ಕುಡಿಯುತ್ತಿದ್ದವು. ಯಹೂದಿ ಗ್ರಾಹಕರಿಗಾಗಿಯೇ ಜಾಹೀರಾತು ಸಂಸ್ಥೆ ನಡೆಸುತ್ತಿದ್ದ ಜೋಸೆಫ್ ಜೇಕಬ್ಸ್ 1923ರಲ್ಲಿ ಒಬ್ಬ ರಬ್ಬಿಯ (ಯಹೂದಿ ಧರ್ಮಗುರುವಿನ) ಬಳಿ ಈ ಪ್ರಶ್ನೆಯನ್ನಿಟ್ಟು, ಅದು ಹಣ್ಣಿನೊಳಗಿನ ಬೀಜ, ಕಾಳಲ್ಲ, ಆದ್ದರಿಂದ ಹಬ್ಬಕ್ಕೆ ಸಲ್ಲುತ್ತದೆ ಎಂಬ ತೀರ್ಮಾನವನ್ನು ಪಡೆದ. (ಚಿಕ್ಕಮಗಳೂರಿನ ತೋಟಗಳಲ್ಲಿ ಕೆಂಪು ಹಣ್ಣು ಕೊಯ್ದವರು ಯಾರ ತೀರ್ಪಿಗೂ ಕಾಯಬೇಕಾಗಿರಲಿಲ್ಲ.)

1932ರಲ್ಲಿ ಜೇಕಬ್ಸ್ ಮತ್ತು ಮ್ಯಾಕ್ಸ್‌ವೆಲ್ ಹೌಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಬ್ಬದ ರಾತ್ರಿ ಊಟದ ಮೇಜಿನ ಸುತ್ತ ಕುಳಿತು ಓದುವ ಹಗ್ಗಡಾ ಎಂಬ ವಿಧಿಗ್ರಂಥವನ್ನು ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ಕಾಫಿ ಡಬ್ಬಿಯೊಂದಿಗೆ ಉಚಿತವಾಗಿ ಹಂಚಿದರು. ಮನೆಮಂದಿಗೆಲ್ಲ ಒಂದೊಂದು ಪ್ರತಿ ಬೇಕಾಗುವ ಪುಸ್ತಕವದು, ಅದೂ ಆರ್ಥಿಕ ಕುಸಿತದ ಕಾಲ. ವಲಸೆ ಬಂದವರ ಮಕ್ಕಳಿಗೆ ಹೀಬ್ರೂ ಪಕ್ಕದಲ್ಲೇ ಇಂಗ್ಲಿಷ್ ಸಿಕ್ಕಿದ್ದು ದೊಡ್ಡ ಅನುಕೂಲವಾಯಿತು. ಅಲ್ಲಿಂದ ಇಲ್ಲಿಯವರೆಗೆ ಐದು ಕೋಟಿಗೂ ಹೆಚ್ಚು ಪ್ರತಿಗಳು ಹಂಚಿಕೆಯಾಗಿವೆ ಎನ್ನಲಾಗುತ್ತದೆ. ಬರಾಕ್ ಒಬಾಮ 2009ರಲ್ಲಿ ಶ್ವೇತಭವನದಲ್ಲಿ ಏರ್ಪಡಿಸಿದ ಪಸ್ಕದ ಊಟದಲ್ಲಿ ಓದಿದ್ದೂ ಇದನ್ನೇ.

ಇದು ಧರ್ಮವನ್ನು ಮಾರಾಟದ ಸರಕಾಗಿಸಿದಂತೆ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಆ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಏಕೆಂದರೆ ಕಂಪನಿಗೆ ಬೇಕಾಗಿದ್ದದ್ದು ಲಾಭವೇ. ಆದರೂ ಕೊಟ್ಟ ವಸ್ತು ಜನರಿಗೆ ನಿಜವಾಗಿ ಬೇಕಾಗಿತ್ತು, ಪುಟಗಳೊಳಗಿನ ಪಠ್ಯವನ್ನು ಕಾಫಿಗಾಗಿ ತಿರುಚಿರಲಿಲ್ಲ. 2011ರಲ್ಲಿ ಹಳೆಯ ಗ್ರಾಂಥಿಕ ಇಂಗ್ಲಿಷನ್ನು ತೆಗೆದು ಹೊಸ ಅನುವಾದ ಹೊರತಂದರು. ಪುಡಿಕಾಫಿಯ ಮಾರುಕಟ್ಟೆಯಲ್ಲಿ ಫೋಲ್ಜರ್ಸ್ ಎಂಬ ಇನ್ನೊಂದು ಬ್ರ್ಯಾಂಡ್ ಮ್ಯಾಕ್ಸ್‌ವೆಲ್ ಹೌಸನ್ನು ಹಿಂದಿಕ್ಕಿ ದಶಕಗಳೇ ಕಳೆದಿವೆ, ಆದರೆ ಫೋಲ್ಜರ್ಸ್ ಬಳಿ ಇಂಥ ಒಂದು ಪುಸ್ತಕವಿಲ್ಲ.