ವಕೀಲರು ಬಂದರು, ಇಲಿ ಬರಲಿಲ್ಲ

ಮೈಸೂರಿನಲ್ಲಿ ಇಲಿಗೆ ಬರವಿಲ್ಲ. ದೇವರಾಜ ಮಾರುಕಟ್ಟೆಯ ಮೂಟೆಗಳ ಸಂದಿಯಲ್ಲಿ ಅವು ಬಾಡಿಗೆಯಿಲ್ಲದೆ ಸಂಸಾರ ಹೂಡಿವೆ. ಗಣೇಶನ ಹಬ್ಬ ಬಂದರೆ ಮಂಗಳಾರತಿಯಲ್ಲೂ ಪಾಲು. ಬರವಿರುವುದು ಸಂಶೋಧನೆಗೆಂದು ವಂಶವಾಹಿ ತಿದ್ದಿದ ಇಲಿಗೆ. ಅದನ್ನು ಕೇಳುವುದೆಂದರೆ ಜಮೀನ್ದಾರರ ಮನೆಗೆ ಹೆಣ್ಣು ಕೇಳಲು ಹೋದಂತೆ.

ನಮ್ಮ ಊರಿನ ಒಂದು ಪ್ರಯೋಗಾಲಯದ ಕಥೆ ಹೇಳುತ್ತೇನೆ. ಹೆಸರು ಬೇಡ, ಇಲಿಗೂ ಮಾನವಿದೆ. ಅಲ್ಲಿನ ಸಂಶೋಧಕಿಯೊಬ್ಬರು ವಿದೇಶದ ವಿಜ್ಞಾನಿಯೊಬ್ಬರಿಂದ ಅಂಥ ಒಂದು ಜೋಡಿ ಇಲಿ ಕೇಳಿದರು. ‘ಕೋರಿದವರಿಗೆ ಕೊಡಲಾಗುವುದು’ ಎಂದು ಆತನ ಪ್ರಬಂಧದಲ್ಲೇ ಅಚ್ಚಾಗಿತ್ತು. ಕೋರಿದರು. ಮೊದಲು ಮೌನ ಬಂತು, ಆಮೇಲೆ ವಕೀಲರು ಬಂದರು. ಕರಾರಿನ ಪ್ರಕಾರ ಮರಿಗಳೂ ಮರಿಗಳ ಮರಿಗಳೂ ಕೊಟ್ಟವರವೇ, ಮೂರನೆಯವರಿಗೆ ದಾಟಿಸಕೂಡದು, ಮುಂದೆಂದಾದರೂ ಔಷಧ ಸಿಕ್ಕರೆ ಅದರಲ್ಲೂ ಪಾಲು. 25 ಗ್ರಾಂ ತೂಗುವ ಪ್ರಾಣಿಯ ಬೆನ್ನಿಗೆ ಇಷ್ಟು ಹೊರೆ. ಗಣಪತಿಯನ್ನು ಹೊತ್ತ ಕುಲವಾದ್ದರಿಂದ ತಡೆದುಕೊಂಡಿತು.

ಈ ಜಾಣತನ ಹೊಸದಲ್ಲ. 1988ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ, ಬೇಗ ಕ್ಯಾನ್ಸರ್ ಬರುವಂತೆ ವಂಶವಾಹಿ ತಿದ್ದಿದ ತನ್ನ ಇಲಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಪರವಾನಗಿ ಹಿಡಿದ ಡುಪಾಂಟ್ ಕಂಪನಿ ಒಡ್ಡಿದ ಷರತ್ತುಗಳನ್ನು ಕಂಡು ಅಲ್ಲಿನ ವಿಜ್ಞಾನಿಗಳೇ ರೇಗಿದರು. ಕೆನಡಾದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಅದೇ ಇಲಿಗೆ ಪೇಟೆಂಟ್ ನಿರಾಕರಿಸಿತು. ಒಂದು ದೇಶದಲ್ಲಿ ಆವಿಷ್ಕಾರ, ಪಕ್ಕದ ದೇಶದಲ್ಲಿ ಬರೀ ಇಲಿ!

ಅದಕ್ಕೂ ಮುಂಚಿನ ಸಂಗತಿಯೊಂದಿದೆ. 1947ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯಕ್ಕೆ ಕಾಡ್ಗಿಚ್ಚು ತಗುಲಿ ಅಲ್ಲಿದ್ದ ಹೆಚ್ಚಿನ ಇಲಿಗಳು ಸುಟ್ಟುಹೋದವು. ಹಿಂದೆ ಅಲ್ಲಿಂದ ಇಲಿ ಪಡೆದಿದ್ದ ಪ್ರಯೋಗಾಲಯಗಳು ಅದೇ ತಳಿಗಳನ್ನು ಮರಳಿ ಕಳಿಸಿದವು. ಹಂಚಿದ ತಳಿ ಉಳಿದಿತ್ತು, ಇಟ್ಟುಕೊಂಡದ್ದು ಬೂದಿಯಾಗಿತ್ತು. ಎರಡೇ ವರ್ಷಕ್ಕೆ ಅಲ್ಲಿ ಡೊಳ್ಳುಹೊಟ್ಟೆಯ ಇಲಿಯೊಂದು ಕಾಣಿಸಿಕೊಂಡಿತು. ಅದರ ತಳಿಯ ಜಾಡು ಹಿಡಿದು 1994ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಹಸಿವನ್ನು ಹದ್ದಿನಲ್ಲಿಡುವ ಲೆಪ್ಟಿನ್ ಹಾರ್ಮೋನಿನ ವಂಶವಾಹಿಯನ್ನು ಪತ್ತೆಹಚ್ಚಿದರು. ನಮ್ಮವರೂ ಹಂಚಲಿ ಎಂದು ಎಲ್ಲ ಕಡೆ ಬೆಂಕಿ ಹಚ್ಚಲಾಗುವುದಿಲ್ಲವಲ್ಲ.

ಅಂತೂ ಇಲಿ ಮೈಸೂರಿಗೆ ಬಂತು. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಆಗಿತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ. ಆ ಮೂಕಪ್ರಾಣಿಯ ಪರವಾಗಿ ಕೇಳುವವರು ಒಬ್ಬರಾದರೂ ಬೇಕು. ತಕರಾರು ತೆಗೆದದ್ದು ಲೆಕ್ಕಪತ್ರ ವಿಭಾಗ. ‘ಕಳೆದ ತಿಂಗಳು ದಾಸ್ತಾನು 2, ಈ ತಿಂಗಳು 9. ಹೆಚ್ಚುವರಿ 7ಕ್ಕೆ ಖರೀದಿ ಬಿಲ್ ಲಗತ್ತಿಸಿ.’ ಇಲಿಯ ಗರ್ಭಾವಧಿ ಮೂರು ವಾರ ಎಂದು ಸಂಶೋಧಕಿ ವಿವರಣೆ ಬರೆದರು. ‘ಸದರಿ ಹೆರಿಗೆಗೆ ಮೇಲಧಿಕಾರಿಗಳ ಪೂರ್ವಾನುಮತಿ ಇತ್ತೇ?’ ಎಂದು ಕಡತ ಹಿಂದಿರುಗಿತು. ಈ ಇಲಿ ಬದುಕುವುದೇ ಎರಡು ವರ್ಷ. ಕಡತಕ್ಕೆ ಅಂಥ ಅವಸರವಿಲ್ಲ.

ಈ ನಡುವೆ ಮೇಲಿನ ಮಹಡಿಯ ತರುಣ ಸಂಶೋಧಕನೊಬ್ಬ ಬಂದು ಒಂದು ಜೋಡಿ ಇಲಿ ಕೇಳಿದ. ಸಂಶೋಧಕಿ ಕರಾರು ಬಿಚ್ಚಿ, ಮೂರನೆಯವರಿಗೆ ಕೊಡಕೂಡದೆಂಬ ಸಾಲಿನ ಮೇಲೆ ಬೆರಳಿಟ್ಟರು. ಕಣ್ಣಲ್ಲಿ ನೀರೂ ಬಂದಿತ್ತಂತೆ.

‘ಕರಾರು ಇಲ್ಲದಿದ್ದರೆ ಕೊಡುತ್ತಿದ್ದಿರಲ್ಲವೇ, ಮೇಡಂ?’ ಎಂದ ಆತ.

ಅವರು ಕಣ್ಣೊರೆಸಿಕೊಂಡು ಕೇಳಿದರು: ‘ನಿಮ್ಮ ಪ್ರಬಂಧದಲ್ಲಿ ನನ್ನ ಹೆಸರು ಎಷ್ಟನೆಯದು?’