ಸಹಿ ಇರುವ ಹಾಳೆ ಕೀಳಬೇಡಿ

ಹಾಸನದ ಗುಜರಿ ಅಂಗಡಿಗಳಲ್ಲಿ ಹಳೇ ಪುಸ್ತಕ ಹುಡುಕುವಾಗ ಮೊದಲ ಹಾಳೆ ಕಿತ್ತಿರುವುದನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ. ನಾನು ಕೂಡಿಡುವುದು ಪತ್ರಿಕೆ, ಪತ್ರಕರ್ತರ ಬಗ್ಗೆ ಇರುವ ಪುಸ್ತಕಗಳನ್ನು. ಮೊದಲ ಮುದ್ರಣವಾಗಿ, ಲೇಖಕರ ಸಹಿಯೂ ಇದ್ದರೆ ಎಷ್ಟು ಖುಷಿ! ಆದರೆ ಮನೆಯವರು ರದ್ದಿಗೆ ಹಾಕುವ ಮುಂಚೆ ಆ ಹಾಳೆಯನ್ನೇ ಕಿತ್ತುಬಿಡುತ್ತಾರೆ. ಪ್ರೀತಿಯಿಂದ ಕೊಟ್ಟಿದ್ದನ್ನು ಮಾರಿದರು ಅಂತ ಯಾರಾದರೂ ಅಂದಾರು ಅನ್ನುವ ಸಂಕೋಚ. ಅರ್ಥವಾಗುತ್ತದೆ. ಆದರೂ ಹೊಟ್ಟೆ ಉರಿಯುತ್ತದೆ.

ಬೈಂಡಿಂಗ್ ಮಾಡುವವರದು ಇನ್ನೊಂದು ಕಾಟ. ರಟ್ಟು ಹಾಕುವಾಗ ಮೂಲ ಮುಖಪುಟ ಬಿಸಾಡುತ್ತಾರೆ. ಎಷ್ಟೋ ಸಲ ಮುದ್ರಣದ ವಿವರ ಇರುವ ಪುಟವೂ ಅದರ ಜೊತೆ ಹೋಗುತ್ತದೆ. ಯಾವ ವರ್ಷ, ಎಷ್ಟು ಪ್ರತಿ, ಯಾವ ಮುದ್ರಣಾಲಯ ಎಲ್ಲ ಇರುವುದು ಅಲ್ಲೇ ಅಲ್ವಾ? 1843ರ 'ಮಂಗಳೂರ ಸಮಾಚಾರ'ದಿಂದ ಶುರುವಾದ ಕನ್ನಡ ಪತ್ರಿಕೆಗಳ ಕಥೆ ಬರೆಯುವವರಿಗೆ ಅದು ಬೇಕೇ ಬೇಕು. ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಎಷ್ಟೋ ಸಣ್ಣ ಮುದ್ರಣಾಲಯಗಳು ಮುಚ್ಚಿಹೋಗಿವೆ. ಅವುಗಳ ಹೆಸರು ಉಳಿದಿರುವುದೇ ಇಂಥ ಪುಟಗಳಲ್ಲಿ.

ಆನ್‌ಲೈನ್‌ನಲ್ಲಿ ಕೆಲವರು ಸುಮ್ನೆ 'ಮೊದಲ ಮುದ್ರಣ' ಅಂತ ಹಾಕಿ ಜಾಸ್ತಿ ಬೆಲೆ ಹೇಳುತ್ತಾರೆ. ಪಾರ್ಸೆಲ್ ಬಿಚ್ಚಿದರೆ ಮೂರನೆಯದು! ಒಳಪುಟದ ಫೋಟೊ ಕೇಳಿದರೆ ಮತ್ತೆ ಮುಖಪುಟವನ್ನೇ ಕಳಿಸುತ್ತಾರೆ. ಮರುಮುದ್ರಣದಲ್ಲಿ ಮುನ್ನುಡಿ ಬದಲಾಗಿರಬಹುದು, ಕೆಲವು ಸಾಲು ಬಿಟ್ಟಿರಬಹುದು. ಪತ್ರಿಕೆಯವರ ಬರವಣಿಗೆಯಲ್ಲಿ ಬಿಟ್ಟುಹೋದ ಸಾಲೂ ಮುಖ್ಯ.

ದಯವಿಟ್ಟು ರದ್ದಿಗೆ ಹಾಕುವ ಮುಂಚೆ ಹತ್ತಿರದ ಗ್ರಂಥಾಲಯವನ್ನೋ, ಪತ್ರಿಕೋದ್ಯಮ ಕಲಿಸುವ ಕಾಲೇಜನ್ನೋ ಒಮ್ಮೆ ಕೇಳಿ. ಮಾರಲೇಬೇಕಿದ್ದರೆ ಹಾಳೆ ಸಮೇತ ಮಾರಿ.