ಪರ–ವಿರೋಧ: ಕ್ಯಾಥೊಲಿಕ್ ಪಾದ್ರಿಗಳಿಗೆ ಮದುವೆಯಾಗಲು ಬಿಡಬೇಕೇ?

ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಸೇರಿ ಬೇರೆಯೇ ಕ್ಯಾಥೊಲಿಕ್ ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ನ ಆಡಳಿತದ ಪ್ರದೇಶ) ಆಗಿದ್ದು 2005ರಲ್ಲಿ. ನಮ್ಮ ಕಡೆ ಕ್ಯಾಥೊಲಿಕರು ಕಡಿಮೆ. ಆದರೆ ಮಿಷನ್ ಶಾಲೆಗಳಲ್ಲಿ ಓದುವವರು ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು. ಹಾಗಾಗಿ ಪಾದ್ರಿ ಹೇಗಿರಬೇಕು ಅನ್ನುವುದು ಬರೀ ಅವರ ಮನೆ ವಿಷಯ ಅಂತ ಬಿಡುವ ಹಾಗಿಲ್ಲ. ಪಾದ್ರಿಗಳಿಂದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದ ಸುದ್ದಿ ಬಂದಾಗಲೆಲ್ಲ ಒಂದು ಮಾತು ಏಳುತ್ತದೆ: ಅವರಿಗೂ ಮದುವೆ ಮಾಡಿಬಿಟ್ಟರೆ ಹೇಗೆ? ಎರಡೂ ಕಡೆಯ ವಾದ ಬರೆದಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಓದಿದರೆ ಗೊತ್ತಾಗುತ್ತದೆ, ಮುಚ್ಚಿಟ್ಟಿಲ್ಲ.

ಪರ: ನಿಯಮ ಸಡಿಲಿಸಲಿ, ಇಷ್ಟವಿದ್ದವರು ಮದುವೆಯಾಗಲಿ

ಸಂಸಾರಸ್ಥ ಗುರು ಅಂದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠ ಅಪ್ಪ ಅವರ ಮನೆತನದಲ್ಲೇ ನಡೆದುಕೊಂಡು ಬಂದಿದೆ. ಖಾಜಾ ಬಂದೇನವಾಜ್ ದರ್ಗಾದ ಸಜ್ಜಾದ ನಶೀನ್ (ಮುಖ್ಯಸ್ಥ) ಸ್ಥಾನವೂ ವಂಶದವರಿಗೇ. ಬೀದರ್‌ನಲ್ಲಿ ಬಹಳ ಹಿಂದೆಯೇ ಬೇರು ಬಿಟ್ಟ ಮೆಥೊಡಿಸ್ಟ್ ಸಭೆಯಲ್ಲಿ ಪಾಸ್ಟರ್‌ಗಳಿಗೆ ಹೆಂಡತಿ ಮಕ್ಕಳಿರುತ್ತಾರೆ. ಬಸವಕಲ್ಯಾಣದ ಶರಣರಲ್ಲಂತೂ ಬಹಳಷ್ಟು ಮಂದಿ ಕಾಯಕ ಮಾಡುತ್ತ, ಸಂಸಾರ ತೂಗಿಸುತ್ತ ಬಾಳಿದವರು. ಇವರ ಭಕ್ತಿ ಒಂದು ತೂಕ ಕಡಿಮೆ ಅಂತ ಹೇಳುವ ಧೈರ್ಯ ಯಾರಿಗಿದೆ?

ಕ್ಯಾಥೊಲಿಕ್ ಸಭೆಯಲ್ಲೂ ಮದುವೆ ನಿಷೇಧ ಮೊದಲಿನಿಂದ ಇದ್ದದ್ದಲ್ಲ. ಮೊದಲ ಪೋಪ್ ಎಂದು ಅವರು ನಂಬುವ ಸಂತ ಪೇತ್ರರಿಗೆ ಅತ್ತೆ ಇದ್ದರು ಅಂತ ಸುವಾರ್ತೆಯೇ ಹೇಳುತ್ತದೆ. ಅತ್ತೆ ಇದ್ದ ಮೇಲೆ ಹೆಂಡತಿ ಇರಲೇಬೇಕಲ್ವಾ? ಪಾದ್ರಿಯ ಮದುವೆ ಮದುವೆಯೇ ಅಲ್ಲ ಎಂದು ಖಚಿತವಾಗಿ ಸಾರಿದ್ದು 1139ರ ಎರಡನೇ ಲ್ಯಾಟೆರನ್ ಮಹಾಸಭೆ. ಈಗಲೂ ಇದು ಲ್ಯಾಟಿನ್ ವಿಧಿಯ (ರೋಮ್‌ನ ಪದ್ಧತಿ ಪಾಲಿಸುವ ಬಹುಪಾಲು ಕ್ಯಾಥೊಲಿಕರ) ಶಿಸ್ತು, ವಿಶ್ವಾಸದ ಸತ್ಯವಲ್ಲ. ಪೋಪ್‌ಗೇ ಅಧೀನವಾದ ಉಕ್ರೇನಿಯನ್ ಗ್ರೀಕ್ ಕ್ಯಾಥೊಲಿಕ್ ಸಭೆಯಲ್ಲಿ ಮದುವೆಯಾದ ಗಂಡಸರು ಗುರುದೀಕ್ಷೆ ಪಡೆಯುತ್ತಾರೆ. ಆಂಗ್ಲಿಕನ್ ಸಭೆ (ಇಂಗ್ಲೆಂಡಿನ ಚರ್ಚ್‌ನ ಪಂಗಡ) ಬಿಟ್ಟು ಬಂದ ಸಂಸಾರಸ್ಥ ಪಾದ್ರಿಗಳಿಗೆ 1980ರಲ್ಲಿ ಎರಡನೇ ಜಾನ್ ಪಾಲ್, 2009ರಲ್ಲಿ ಹದಿನಾರನೇ ಬೆನೆಡಿಕ್ಟ್ ಬಾಗಿಲು ತೆರೆದರು. ಹೊರಗಿಂದ ಬಂದವನಿಗೆ ಹೆಂಡತಿ ಇರಬಹುದು, ಒಳಗೇ ಹುಟ್ಟಿ ಬೆಳೆದವನಿಗೆ ಇರಬಾರದು. ಇದ್ಯಾವ ನ್ಯಾಯ?

ಇನ್ನು ದೌರ್ಜನ್ಯದ ವಿಷಯ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ವಿಚಾರಣಾ ಆಯೋಗ) ವರ್ಷಗಟ್ಟಲೆ ವಿಚಾರಣೆ ನಡೆಸಿತು. 1950ರಿಂದ 2010ರವರೆಗೆ ಅಲ್ಲಿದ್ದ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಶೇ. 7ರಷ್ಟು ಜನರ ಮೇಲೆ ಆರೋಪ ಬಂದಿತ್ತು. ಬ್ರಹ್ಮಚರ್ಯ ನೇರ ಕಾರಣವಲ್ಲ, ಆದರೆ ಬೇರೆ ಕಾರಣಗಳ ಜೊತೆ ಸೇರಿದಾಗ ಅಪಾಯ ಜಾಸ್ತಿಯಾಗುತ್ತದೆ ಎಂದು ಆಯೋಗ 2017ರಲ್ಲಿ ಹೇಳಿತು. ಬ್ರಹ್ಮಚರ್ಯವನ್ನು ಪಾದ್ರಿಗಳ ಇಷ್ಟಕ್ಕೆ ಬಿಡುವ ಬಗ್ಗೆ ವ್ಯಾಟಿಕನ್ ಯೋಚಿಸುವಂತೆ ಕೇಳಿ ಅಂತ ಅಲ್ಲಿನ ಬಿಷಪ್‌ಗಳಿಗೆ ಶಿಫಾರಸೂ ಮಾಡಿತು. 2018ರ ಜರ್ಮನ್ ಅಧ್ಯಯನದಲ್ಲಿ ಧರ್ಮಪ್ರಾಂತ್ಯದ ಪಾದ್ರಿಗಳಲ್ಲಿ ಶೇ. 5.1 ಮಂದಿಯ ಮೇಲೆ ಆರೋಪವಿತ್ತು. ಮದುವೆಯಾದವರೂ ಆಗಬಹುದಾದ ಡೀಕನ್‌ಗಳಲ್ಲಿ (ಪಾದ್ರಿಗಿಂತ ಕೆಳಗಿನ ಹುದ್ದೆಯವರು) ಅದು ಬರೀ ಶೇ. 1.

ಇದಕ್ಕಿಂತ ದೊಡ್ಡ ವಾದ ಗುಟ್ಟಿನದು. ಅಮೆರಿಕದ ರಿಚರ್ಡ್ ಸೈಪ್ ಒಂದು ಕಾಲಕ್ಕೆ ತಾವೇ ಬೆನೆಡಿಕ್ಟೈನ್ ಸನ್ಯಾಸಿ, ಆಮೇಲೆ ಪಾದ್ರಿಗಳಿಗೇ ಮಾನಸಿಕ ಚಿಕಿತ್ಸೆ ಕೊಟ್ಟವರು. ಅವರು ಜೀವನವಿಡೀ ಹೇಳಿದ್ದು ಹೆಚ್ಚುಕಡಿಮೆ ಇಷ್ಟು: ನಿಯಮ ಪಾಲಿಸಲು ಆಗದವರು ಬಹಳ ಮಂದಿ. ಒಬ್ಬನಿಗೆ ವಯಸ್ಕ ಹೆಣ್ಣಿನ ಜೊತೆ ಕದ್ದುಮುಚ್ಚಿ ಸಂಬಂಧ ಇರುತ್ತದೆ. ಪಕ್ಕದ ಕೋಣೆಯವನು ಹುಡುಗನೊಬ್ಬನನ್ನು ಹಾಳು ಮಾಡುತ್ತಿದ್ದಾನೆ ಅಂತ ಇವನಿಗೆ ಗೊತ್ತು. ಬಾಯಿ ಬಿಟ್ಟರೆ ತನ್ನದೂ ಹೊರಗೆ ಬೀಳುತ್ತದೆ. ಹೀಗೆ ತಪ್ಪೂ ಅಪರಾಧವೂ ಒಂದೇ ಮುಸುಕಿನಡಿ ಬೆಚ್ಚಗೆ ಮಲಗುತ್ತವೆ. ಮದುವೆಗೆ ಅವಕಾಶ ಕೊಟ್ಟರೆ ಕನಿಷ್ಠ ಮುಚ್ಚಿಡಬೇಕಾಗಿಲ್ಲದ್ದು ಮುಚ್ಚಿಡುವುದು ತಪ್ಪುತ್ತದೆ.

2019ರ ಅಮೆಜಾನ್ ಸಿನೋಡ್‌ನಲ್ಲಿ (ಆ ಪ್ರದೇಶದ ಬಗ್ಗೆ ನಡೆದ ಬಿಷಪ್‌ಗಳ ಸಭೆ), ಪಾದ್ರಿಗಳೇ ಸಿಗದ ದೂರದ ಊರುಗಳಿಗೆ ಮದುವೆಯಾದವರನ್ನು ನೇಮಿಸಬಹುದು ಅಂತ 128 ಮಂದಿ ಮತ ಹಾಕಿದರು, ವಿರೋಧಿಸಿದವರು 41. ಪೋಪ್ ಫ್ರಾನ್ಸಿಸ್ ಮರುವರ್ಷ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಸನ್ಯಾಸ ಬೇಕೆನ್ನುವವರು ಸನ್ಯಾಸಿಗಳಾಗಿಯೇ ಇರಲಿ. ಉಳಿದವರನ್ನು ಅದಕ್ಕೆ ಕಟ್ಟಿಹಾಕುವುದೇಕೆ?

ವಿರೋಧ: ಮದುವೆಯ ಮಾತು ದಿಕ್ಕು ತಪ್ಪಿಸುತ್ತದೆ

"ಹುಡುಗ ಹಾದಿ ಬಿಟ್ಟಾನ್ರೀ, ಒಂದು ಮದುವಿ ಮಾಡಿಬಿಡ್ರಿ, ಸರಿ ಹೋಗ್ತಾನ." ನಮ್ಮ ಕಡೆ ಈ ಮಾತು ಕೇಳದ ಕಿವಿ ಇಲ್ಲ. ಹಾಗೆ ಸರಿ ಹೋದವರೆಷ್ಟು, ಅವರನ್ನು ಕಟ್ಟಿಕೊಂಡು ಕಣ್ಣೀರು ಹಾಕಿದ ಹೆಣ್ಣುಮಕ್ಕಳೆಷ್ಟು ಅಂತ ಪ್ರತಿ ಊರಿಗೂ ಗೊತ್ತು. ಪಾದ್ರಿಗಳಿಗೆ ಮದುವೆ ಮಾಡಿ, ಮಕ್ಕಳು ಉಳಿಯುತ್ತಾರೆ ಅನ್ನುವುದು ಅದೇ ಮಾತಿನ ಸ್ವಲ್ಪ ಓದಿಕೊಂಡ ರೂಪ. ಹೆಂಡತಿ ಅಂದರೆ ಗಂಡನ ಚಟಕ್ಕೆ ಔಷಧಿಯೇನು?

ಮದುವೆಯಾದ ಪಾದ್ರಿಗಳಿರುವ ಕಡೆ ಏನಾಗಿದೆ ನೋಡಿ. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಗಳು ಶತಮಾನಗಳಿಂದ ಸಂಸಾರಸ್ಥರು. ಅಲ್ಲಿನ ಸ್ವತಂತ್ರ ವಿಚಾರಣೆಯ 2020ರ ವರದಿ ಪ್ರಕಾರ, 1940ರ ದಶಕದಿಂದ 2018ರವರೆಗೆ ಆ ಸಭೆಯ ಪಾದ್ರಿಗಳು ಮತ್ತು ಹೊಣೆಯ ಸ್ಥಾನದಲ್ಲಿದ್ದವರು ಸೇರಿ 390 ಮಂದಿಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಶಿಕ್ಷೆಯಾಗಿತ್ತು. ಕ್ರೈಸ್ತ ಶಿಬಿರ ನಡೆಸುತ್ತಿದ್ದ ವಕೀಲ ಜಾನ್ ಸ್ಮಿತ್ ಎಂಬಾತ ಹುಡುಗರಿಗೆ ಕೊಟ್ಟ ಹಿಂಸೆಯ ಪ್ರಕರಣವನ್ನು ಸಭೆ ನಿಭಾಯಿಸಿದ ರೀತಿಯಿಂದಾಗಿ ಸಭೆಯ ಹಿರಿಯ ಬಿಷಪ್ ಆಗಿದ್ದ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಆ ಸ್ಮಿತ್‌ಗೂ ಹೆಂಡತಿ ಮಕ್ಕಳಿದ್ದರು. ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರಲ್ಲಿ ಮದುವೆಯಾದ ಪಾಸ್ಟರ್‌ಗಳೇ ಹೆಚ್ಚು. ಅಲ್ಲೂ ಇದೇ ಕಥೆ. ನಮ್ಮ ದೇಶದಲ್ಲಿ ಪೋಕ್ಸೊ ಕೇಸುಗಳ ಆರೋಪಿಗಳಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿದ್ದವರೇ. ನೆಂಟರು, ಪಕ್ಕದ ಮನೆಯವರು. ಇವರೆಲ್ಲ ಬ್ರಹ್ಮಚಾರಿಗಳಾ?

ಪರ ವಾದದವರು ಜರ್ಮನ್ ಲೆಕ್ಕವನ್ನು ಅರ್ಧ ಹೇಳಿದರು. ಅದೇ ಅಧ್ಯಯನದಲ್ಲಿ ಮಠಗಳಲ್ಲಿ ಗುಂಪಾಗಿ ಬದುಕುವ ಸನ್ಯಾಸಿ ಪಾದ್ರಿಗಳ ಪ್ರಮಾಣ ಶೇ. 2.1. ಇವರೂ ಮದುವೆಯಾಗದವರೇ, ಆದರೂ ಧರ್ಮಪ್ರಾಂತ್ಯದ ಪಾದ್ರಿಗಳ ಅರ್ಧದಷ್ಟೂ ಇಲ್ಲ. ವ್ಯತ್ಯಾಸ ಎಲ್ಲಿದೆ? ಒಬ್ಬಂಟಿಯಾಗಿ ಇಡೀ ಚರ್ಚನ್ನು ಕೈಯಲ್ಲಿಟ್ಟುಕೊಂಡ ಪಾದ್ರಿಯನ್ನು ಕೇಳುವವರು ಯಾರೂ ಇಲ್ಲ. ಡೀಕನ್‌ಗೆ ಅಂಥ ಅಧಿಕಾರವೇ ಇಲ್ಲ. ನನಗೆ ಕಾಣುವುದು ಅಧಿಕಾರದ ಲೆಕ್ಕ, ಹಾಸಿಗೆಯದ್ದಲ್ಲ.

ಅಮೆರಿಕದ ಜಾನ್ ಜೇ ಕಾಲೇಜಿನ 2004ರ ವರದಿಯಲ್ಲಿ 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಆರೋಪ ಸಿಕ್ಕಿತ್ತು. ದೂರು ಕೊಟ್ಟವರು 10,667 ಮಂದಿ. ಘಟನೆಗಳು 60, 70ರ ದಶಕಗಳಲ್ಲಿ ಏರಿ, 80ರ ದಶಕದಲ್ಲಿ ಇಳಿದವು. ಈ ಏರಿಳಿತದ ಉದ್ದಕ್ಕೂ ಬ್ರಹ್ಮಚರ್ಯದ ನಿಯಮ ಒಂದಿಂಚೂ ಕದಲಿರಲಿಲ್ಲ. ಕದಲದ ನಿಯಮ ಏರಿಳಿತಕ್ಕೆ ಕಾರಣ ಹೇಗಾದೀತು ಅಂತ ಅದೇ ಕಾಲೇಜಿನ 2011ರ ವರದಿ ಕೇಳಿತು. ಸಲಿಂಗಕಾಮಿಗಳೇ ಕಾರಣ ಎಂಬ ವಾದವನ್ನೂ ಅದು ಒಪ್ಪಲಿಲ್ಲ. ವ್ಯಾಟಿಕನ್ ಮಾತ್ರ 2005ರಲ್ಲೇ ಅಂಥವರನ್ನು ಗುರುದೀಕ್ಷೆಗೆ ಸೇರಿಸಬೇಡಿ ಅಂತ ಸೂಚನೆ ಹೊರಡಿಸಿತ್ತು. ಒಬ್ಬರು ಬ್ರಹ್ಮಚರ್ಯದ ಕಡೆ ಬೆರಳು ತೋರಿಸುತ್ತಾರೆ, ಇನ್ನೊಬ್ಬರು ಸಲಿಂಗಿಗಳ ಕಡೆ. ಬಿಷಪ್‌ನ ಮೇಜಿನ ಕಡೆ ತೋರಿಸುವವರು ಕಡಿಮೆ.

ಆ ಮೇಜಿನ ಮೇಲೆ ಇದ್ದದ್ದು ವರ್ಗಾವಣೆ ಆದೇಶ. 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಬಯಲಿಗೆಳೆದಿದ್ದು ಇದನ್ನೇ. ದೂರು ಬಂದ ಪಾದ್ರಿಯನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹಾಕುವುದು, ಅಲ್ಲಿನವರಿಗೆ ಏನೂ ಹೇಳದಿರುವುದು. ಆ ವರ್ಷದ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ಸ್ಥಾನ ಬಿಟ್ಟರು. 2004ರಲ್ಲಿ ಅವರಿಗೆ ರೋಮ್‌ನ ದೊಡ್ಡ ಬಸಿಲಿಕಾ ಒಂದರ ಹೊಣೆ ಸಿಕ್ಕಿತು! ದೌರ್ಜನ್ಯದ ಪ್ರಕರಣಗಳಿಗೆ ಹಾಕಿದ್ದ 'ಪೋಪ್ ಗೌಪ್ಯ'ದ (ವಿಷಯ ಹೊರಗೆ ಹೇಳಬಾರದೆಂಬ ಚರ್ಚಿನ ನಿಯಮ) ಬೀಗ ತೆಗೆದಿದ್ದು 2019ರ ಡಿಸೆಂಬರ್‌ನಲ್ಲಿ. ಇದಕ್ಕೂ ಪಾದ್ರಿಯ ಮದುವೆಗೂ ಏನು ಸಂಬಂಧ?

ಕೇರಳದ ಕೊಟ್ಟಿಯೂರಿನ ಪ್ರಕರಣ ಇನ್ನೂ ಹತ್ತಿರದ್ದು. ಅಪ್ರಾಪ್ತ ಹುಡುಗಿ ತಾಯಿಯಾದಳು. ತಪ್ಪನ್ನು ಮೊದಲು ಅವಳ ತಂದೆಯ ತಲೆಗೇ ಕಟ್ಟುವ ಪ್ರಯತ್ನವಾಯಿತು. 2019ರಲ್ಲಿ ತಲಶೇರಿಯ ಕೋರ್ಟು ಪಾದ್ರಿಗೆ 20 ವರ್ಷ ಶಿಕ್ಷೆ ಕೊಟ್ಟಿತು, ಹೈಕೋರ್ಟು ಆಮೇಲೆ ಅದನ್ನು 10ಕ್ಕೆ ಇಳಿಸಿತು. ಹೆತ್ತ ತಂದೆಯ ಮೇಲೆ ಆರೋಪ ಹೊರಿಸುವಷ್ಟು ಹಿಡಿತ ಒಂದು ಸಂಸ್ಥೆಗೆ ಹೇಗೆ ಬರುತ್ತದೆ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ನಮ್ಮ ಜಿಲ್ಲೆಗಳಲ್ಲಿ ಈ ಹಿಡಿತ ಎಲ್ಲಿರುತ್ತದೆ ಅಂತ ಯಾದಗಿರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದರೆ ಮನೆಗೆ ಮನೆಯೇ ಗುಳೆ ಹೋಗುತ್ತದೆ, ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ. ಮಕ್ಕಳು ಉಳಿಯುವುದು ಅಜ್ಜಿ ಹತ್ತಿರ, ಇಲ್ಲವೇ ಹಾಸ್ಟೆಲ್‌ನಲ್ಲಿ. ಅದು ಸರ್ಕಾರದ್ದಿರಲಿ, ಮಠದ್ದಿರಲಿ, ಮದರಸಾ ಇರಲಿ, ಮಿಷನ್ನಿನದಿರಲಿ. ಊಟ ಹಾಕುವವನೂ ಅವನೇ, ಫೀಸು ಮಾಫಿ ಮಾಡುವವನೂ ಅವನೇ, ದೇವರ ಮಾತು ಹೇಳುವವನೂ ಅವನೇ ಆದಾಗ ಮಗು ಯಾರ ಹತ್ತಿರ ಹೋಗಿ ಹೇಳಬೇಕು? ಅಪ್ಪ ಅವ್ವ ದೂರದ ಕಟ್ಟಡದ ಕೆಲಸದಲ್ಲಿ. ವಾರ್ಡನ್ನಿಗೆ ಮದುವೆಯಾಗಿದೆಯಾ ಅನ್ನುವುದು ಇಲ್ಲಿ ಕೊನೆಯ ಪ್ರಶ್ನೆ.

ಬ್ರಹ್ಮಚರ್ಯ ಶ್ರೇಷ್ಠ ಅಂತ ನಾನು ಹೇಳುತ್ತಿಲ್ಲ. ಪಾದ್ರಿಗಳ ಮಕ್ಕಳಿಗೆ ಚರ್ಚಿನ ಆಸ್ತಿ ಹೋಗಬಾರದು ಅನ್ನುವ ಲೆಕ್ಕಾಚಾರವೂ ಆ ನಿಯಮದ ಹಿಂದೆ ಇತ್ತು. ಒಂಟಿತನದ ಕಾರಣಕ್ಕೋ ಪಾದ್ರಿಗಳ ಕೊರತೆಗೋ ನಿಯಮ ಬದಲಾಗುವುದಾದರೆ ಆಗಲಿ. ಮಕ್ಕಳ ಹೆಸರು ಹೇಳಿ ಬದಲಾಯಿಸಬೇಡಿ ಅನ್ನುವುದಷ್ಟೇ ನನ್ನ ತಕರಾರು. ಯಾಕಂದರೆ ಮರುದಿನವೇ "ಸುಧಾರಣೆ ಆಯ್ತಲ್ಲ" ಅಂತ ಫೈಲು ಮುಚ್ಚಿಬಿಡುತ್ತಾರೆ.

ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧ ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಡಿ ಒಂದು ವರ್ಷದವರೆಗೆ ಜೈಲು. ಇದು ಬಿಷಪ್‌ಗೂ ಅನ್ವಯ, ಸ್ವಾಮಿಗಳಿಗೂ ಅನ್ವಯ. ಜೂನ್‌ನಲ್ಲಿ ಮಗುವನ್ನು ಹಾಸ್ಟೆಲ್‌ಗೆ ಬಿಡಲು ಹೋದವರು ನಾಲ್ಕು ಮಾತು ಕೇಳಿ ಬನ್ನಿ. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ? ಮಗು ಬೇಕೆಂದಾಗ ಮನೆಗೆ ಫೋನ್ ಮಾಡಬಹುದಾ? ಮಕ್ಕಳ ಸಹಾಯವಾಣಿ 1098 ನಂಬರನ್ನು ಗೋಡೆ ಮೇಲೆ ಬರೆದಿದ್ದೀರಾ? ಈಗಿನ ವಾರ್ಡನ್ ಮೊದಲು ಎಲ್ಲಿದ್ದರು, ಅಲ್ಲಿಂದ ಇಲ್ಲಿಗೆ ಯಾಕೆ ಕಳಿಸಿದರು?